ಸಿಮೆಂಟ್ ಅಂಗಡಿಯ ಮೇಲಿನ ಆರ್ಕಿಟೆಕ್ಟ್

ಯಾರ ಮನೆಗೆ ಹೋದರೂ ಅವರು ಮೊದಲು ಗೋಡೆಗೆ ಅಂಗೈ ಇಡುತ್ತಿದ್ದರು. ಕೂತುಕೊಳ್ಳಿ ಎಂದರೆ ಕೂರುವುದಕ್ಕೆ ಮುಂಚೆ ಪಶ್ಚಿಮದ ಗೋಡೆ ಯಾವುದೆಂದು ಕಣ್ಣಲ್ಲೇ ಹುಡುಕಿ, ಹತ್ತಿರ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ ನೋಡುತ್ತಿದ್ದರು. ಹೀಗೆ ಬರೆದ ಮೇಲೆ ನನಗೇ ಅನುಮಾನವಾಗುತ್ತದೆ. ನಾನು ಅವರ ಜೊತೆ ಹೋದದ್ದು ನಮ್ಮ ಮನೆಗೆ ಮತ್ತು ನಮ್ಮ ಕಾಲೇಜಿನ ಇನ್ನೊಬ್ಬ ಮೇಷ್ಟರ ಮನೆಗೆ, ಅಷ್ಟೇ. ಎರಡು ಮನೆಗಳಲ್ಲಿ ಕಂಡದ್ದನ್ನು ಅವರ ಜೀವಮಾನದ ಅಭ್ಯಾಸ ಎಂದು ಬರೆಯುತ್ತಿದ್ದೇನೆ. ಆದರೆ ಆ ಅಂಗೈ ನನಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ, ಬೆರಳಿನ ಸಂದಿಯ ಪೆನ್ಸಿಲ್ ಕಪ್ಪು ಸಮೇತ.

ಅವರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ಸಿಕ್ಕಿದ್ದು ತೀರಾ ಕಡಿಮೆ. ಒಂದು ಕಡೆ, ‘ಆರ್ಕಿಟೆಕ್ಟ್ ಬಂದಿದ್ದರು. ಅಕ್ಕ ಮಾತಾಡಿದಳು’ ಎಂದಿದೆ. ಏನು ಮಾತಾಡಿದಳು ಎಂಬುದಿಲ್ಲ. ಇದನ್ನೆಲ್ಲ ಮರೆಯುವುದು ಸಾಧ್ಯವೇ ಇಲ್ಲ ಅಂದುಕೊಂಡಿದ್ದೆನೇನೋ. ಹಾಗಾಗಿ ಇಲ್ಲಿ ಬರುವ ಮಾತುಗಳಲ್ಲಿ ಕೆಲವು ನನ್ನ ನೆನಪಿನವು, ಕೆಲವು ಅಕ್ಕನ ನೆನಪಿನವು. ಎರಡೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಹೇಳುತ್ತೇನೆ.

ನಂಜನಗೂಡಿನ ಬಜಾರಿನಲ್ಲಿ ಅವರ ಮಾವನವರ ಸಿಮೆಂಟ್ ಮತ್ತು ಕಬ್ಬಿಣದ ಅಂಗಡಿ ಇತ್ತು. ಮಠಕ್ಕೆ ನಡೆದುಕೊಳ್ಳುವ, ಮೂರು ತಲೆಮಾರಿನ ವ್ಯಾಪಾರಸ್ಥರ ಮನೆತನ. ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಇವರ ಆಫೀಸು. ಕೆಳಗೆ ಮೂಟೆ ಇಳಿಸಿದಾಗಲೆಲ್ಲ ಬೂದು ಧೂಳು ಮೆಟ್ಟಿಲೇರಿ ಬಂದು ಅವರ ನಕ್ಷೆಗಳ ಮೇಲೆ ಕೂರುತ್ತಿತ್ತು. ಮಾತಾಡುತ್ತಲೇ ಸೆರಗಿನ ತುದಿಯಿಂದ ಅದನ್ನು ಒರೆಸುತ್ತಿದ್ದರು. ಸಿಮೆಂಟ್ ಕಡಿಮೆ ಬಳಸಿ ಮನೆ ಕಟ್ಟುವುದು ಹೇಗೆ ಎಂಬ ಅವರ ಪಾಠವನ್ನು ನಾನು ಕೇಳಿದ್ದು ಆ ಧೂಳಿನಲ್ಲಿ ಕುಳಿತು.

ಅವರು ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ದೊಡ್ಡ ಊರಿನಲ್ಲಿ ಓದಿದ್ದರು. ಓದುವಾಗ ಮಣ್ಣಿನ ಇಟ್ಟಿಗೆ ಒತ್ತುವುದು, ಗಾಳಿ ಬರುವ ದಿಕ್ಕು ನೋಡಿ ಕಿಟಕಿ ಇಡುವುದು, ಬಿಸಿಲನ್ನು ಗೋಡೆಯ ಆಚೆಗೇ ನಿಲ್ಲಿಸುವುದು, ಇವುಗಳ ಹುಚ್ಚು ಹತ್ತಿತ್ತು. ಕಟ್ಟಡ ಎನ್ನುವುದು ಕಟ್ಟಿದ ದಿನ ಮಾತ್ರ ಖರ್ಚಲ್ಲ, ನಿಂತಷ್ಟು ದಿನವೂ ಅದು ಕರೆಂಟು ತಿನ್ನುತ್ತದೆ, ನೀರು ಕುಡಿಯುತ್ತದೆ, ಅದಕ್ಕೆ ಎಷ್ಟು ಹಸಿವಿರಬೇಕು ಎಂಬುದನ್ನು ಕಾಗದದ ಮೇಲೆ ಗೆರೆ ಎಳೆಯುವವರೇ ತೀರ್ಮಾನ ಮಾಡಿಬಿಡುತ್ತಾರೆ ಎನ್ನುತ್ತಿದ್ದರು. ಆಮೇಲೆ ಬೈಸಿಕೊಳ್ಳುವುದು ಮಾತ್ರ ಮನೆಯವರು, ಎಂದು ನಗುತ್ತಿದ್ದರು.

ಮಾವನವರು ಕೆಟ್ಟವರಲ್ಲ. ಸೊಸೆಗೆಂದು ಮೇಲಿನ ಕೋಣೆ ಬಿಟ್ಟುಕೊಟ್ಟವರು ಅವರೇ. ಬಂದ ಗಿರಾಕಿಗಳಿಗೆಲ್ಲ, ನಾನು ಕೆಳಗೆ ಕೂತು ಮಾರ್ತೀನಿ, ನಮ್ಮ ಸೊಸೆ ಮೇಲೆ ಕೂತು ಬೇಡ ಅಂತಾಳೆ, ನೀವು ಯಾರ ಮಾತು ಕೇಳ್ತೀರೋ ನೋಡಿ ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರಂತೆ. ಅಂಗಡಿಯ ಗುಮಾಸ್ತ ಮಾತ್ರ ನನ್ನನ್ನು ಮೊದಲ ಸಲ ಮೆಟ್ಟಿಲ ಬಳಿ ತಡೆದು, ಮೇಲಕ್ಕೋದವ್ರೆಲ್ಲ ಮೂಟೆ ಕಮ್ಮಿ ಮಾಡ್ಕೊಂಡೇ ಇಳೀತಾರೆ ಸಾ, ನೀವಾದ್ರೂ ಒಸಿ ನಮ್ಮ ಕಡೆ ನೋಡಿ ಎಂದಿದ್ದ. ಎಲ್ಲರೂ ನಗುನಗುತ್ತಲೇ ಇದ್ದರು. ಆ ನಗುವಿನ ಜೊತೆ ಜಗಳ ಆಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅವರ ದಿನನಿತ್ಯದ ಕೆಲಸವೆಂದರೆ ಪುರಸಭೆಯ ಅನುಮತಿಗೆ ಬೇಕಾದ ನಕ್ಷೆ. ಪುಟ್ಟ ಸೈಟು, ಪೆಟ್ಟಿಗೆಯಂಥ ಮನೆ, ಮುಂದೆ ಒಂದು ಕಾರು ನಿಲ್ಲಿಸುವ ಜಾಗ, ಕಾರು ಇಲ್ಲದವರಿಗೂ. ಅವುಗಳಲ್ಲೇ ಕಳ್ಳತನದಿಂದ ತಮ್ಮ ಕೆಲಸ ಮಾಡುತ್ತಿದ್ದರು. ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇಕು ಎಂದವರಿಗೆ ಬಿಸಿಲಿನ ಲೆಕ್ಕ ಹೇಳಿದರೆ ಕೇಳುತ್ತಿರಲಿಲ್ಲವಂತೆ. ವಾಸ್ತು ಪ್ರಕಾರ ಅಲ್ಲಿ ಕಿಟಕಿ ಆಗಿಬರಲ್ಲ ಎಂದರೆ ತಕ್ಷಣ ಒಪ್ಪುತ್ತಿದ್ದರಂತೆ. ಒಮ್ಮೆ ನಿಜವಾದ ವಾಸ್ತುವಿನವನೇ ಬಂದು, ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿಬಿಟ್ಟ. ಇವರು, ‘ಸೂರ್ಯ ದೇವರಲ್ವಾ? ಸಾಯಂಕಾಲ ಅವನಿಗೆ ಬೆನ್ನು ಮಾಡಿ ಕೂತ್ಕೋಬೇಕು ಅಂತ ನಮ್ಮ ಶಾಸ್ತ್ರ’ ಎಂದರಂತೆ. ಅವನು ಅಲ್ಲಿ ಕಿಟಕಿ ಇಡಿಸಲಿಲ್ಲ, ಆದರೆ ಬಾಗಿಲನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಸೇಡು ತೀರಿಸಿಕೊಂಡ.

ಎಲ್ಲವೂ ಹೀಗೆ ನಗುವ ಕಥೆಯಲ್ಲ. ಅವರ ಮನೆಯವರ ನೆಂಟರೊಬ್ಬರು ಕಲ್ಯಾಣ ಮಂಟಪ ಕಟ್ಟಿಸಿದರು. ಮುಂಭಾಗ ಪೂರ್ತಿ ಗಾಜು ಬೇಕೆಂದರು. ಬೇಡವೆಂದು ಇವರು ತಿಂಗಳುಗಟ್ಟಲೆ ಹೇಳಿದರು, ಕೊನೆಗೆ ಸಹಿ ಹಾಕಿದರು. ಮೇ ತಿಂಗಳ ಒಂದು ಮದುವೆಯಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸೊಬ್ಬಳು ಸೆಕೆಗೆ ತಲೆಸುತ್ತಿ ಬಿದ್ದಳು. ಇದನ್ನು ಅವರು ನನಗೆ ಹೇಳಿದ್ದು ನೆನಪಿದೆ, ಹೇಳುತ್ತಾ ಅದೇ ಗಾಜಿನ ಕಟ್ಟಡದ ನಕ್ಷೆಯನ್ನು ಸುರುಳಿ ಸುತ್ತಿ ಕಟ್ಟುತ್ತಿದ್ದರು ಎಂಬುದು ಮಾತ್ರ ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ತಿ. ನರಸೀಪುರದ ಕಾಲೇಜಿನಲ್ಲಿ ಕೆಲಸ ಕಾಯಂ ಆಗಿತ್ತು. ಮೂಗೂರಿನ ದಾರಿಯಲ್ಲಿರುವ ನಮ್ಮ ಹಳ್ಳಿಯಲ್ಲಿ ಮನೆ ಕಟ್ಟಬೇಕಿತ್ತು. ನಮ್ಮದು ಊರಿನಿಂದ ಒಂದಿಷ್ಟು ದೂರ ಸರಿಸಿಟ್ಟ ಬೀದಿ. ಯಾಕೆ ಸರಿಸಿಟ್ಟದ್ದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಚಿಕ್ಕವನಿರುವಾಗಲೇ ಅಪ್ಪ ಅವ್ವ ಹೋಗಿದ್ದರು. ನನ್ನನ್ನು ಸಾಕಿ ಓದಿಸಿದವಳು ಅಕ್ಕ. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆ ಕಟ್ಟುವುದು ಎಂದರೆ ಅವಳಿಗೆ ಕಟ್ಟಿಸಿಕೊಡುವುದು. ನಾನೋ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕುಳಿತು ಪರಿಸರದ ಲೇಖನಗಳನ್ನು ಓದಿ ಮಣ್ಣಿನ ಮನೆಗೆ ಮನಸೋತಿದ್ದೆ. ಅಕ್ಕನನ್ನು ಕೇಳದೆಯೇ ಆರ್ಕಿಟೆಕ್ಟನ್ನು ಕರೆದುಕೊಂಡು ಬಂದೆ.

ಅವರು ಕಾರಿನಿಂದಿಳಿದು ನಮ್ಮ ಹಳೆಯ ಮನೆಯೊಳಕ್ಕೆ ತಲೆ ಬಗ್ಗಿಸಿ ಬಂದರು. ಮಣ್ಣಿನ ಗೋಡೆ, ನಾಡ ಹೆಂಚು. ಅಂಗೈ ಇಟ್ಟರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಎಷ್ಟು ತಂಪಾಗಿದೆ ಎಂದರು. ಇಂಥ ಮನೆ ಕಟ್ಟಿಕೊಡು ಎಂದು ನನ್ನನ್ನು ಯಾರೂ ಕೇಳುವುದೇ ಇಲ್ಲ ಎಂದರು.

ಅಕ್ಕ ನೀರಿನ ಚೊಂಬು ಹಿಡಿದು ನಿಂತಿದ್ದಳು. ‘ಅದೇ ಗೋಡೆ ಮೇಡಂ, ಹಿಂದಗಡೆದು ಮಳೆಗಾಲದಾಗೆ ಬಿದ್ದೋಯ್ತು’ ಎಂದಳು. ‘ತಂಪಾಗೇ ಬಿತ್ತು.’

ನಾನು ಅಕ್ಕನನ್ನು ಗದರಿಸುವ ಹಾಗೆ ನೋಡಿದೆನಂತೆ. ನನಗೆ ನೆನಪಿಲ್ಲ. ಆರ್ಕಿಟೆಕ್ಟ್ ನಗಲಿಲ್ಲ. ಈಗಿನ ಮಣ್ಣಿನ ಇಟ್ಟಿಗೆ ಹಾಗೆ ಬೀಳುವುದಿಲ್ಲ, ಒಂದು ಪಾಲು ಸಿಮೆಂಟ್ ಬೆರೆಸಿ ಒತ್ತುತ್ತಾರೆ, ಮಳೆ ತಡೆಯುತ್ತದೆ ಎಂದೆಲ್ಲ ವಿವರಿಸಿದರು. ಅಕ್ಕ ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು:

‘ನಿಮ್ಮನೆ ಎಂತದು ಮೇಡಂ? ಮಣ್ಣಿಂದಾ?’

ಅವರ ಮನೆ ನಂಜನಗೂಡಿನಲ್ಲಿ ಎಲ್ಲರೂ ಬಲ್ಲ ಮನೆ. ಮೂರು ಅಂತಸ್ತು, ಅಮೃತಶಿಲೆಯ ನೆಲ. ಸುಳ್ಳು ಹೇಳಬಹುದಿತ್ತು, ಮಾತು ಮರೆಸಬಹುದಿತ್ತು.

‘ಇಲ್ಲಮ್ಮ. ಆರ್‌ಸಿಸಿ. ಬೇಸಿಗೇಲಿ ಒಳಗೆ ಇರಕ್ಕಾಗಲ್ಲ’ ಎಂದರು.

‘ಅಂಗಾದ್ರೆ ನಾವೂ ಒಸಿ ಕಾಲ ಅಂತಾ ಮನೇಲಿ ಸೆಕೆ ಪಡ್ತೀವಿ. ಆಮ್ಯಾಕೆ ತಂಪಿನ ಇಚಾರ ನೋಡವ. ಸೆಗಣಿ ಸಾರ್ಸಿ ಸಾರ್ಸಿ ನನ್ ಕೈ ನೋಡಿ ಎಂಗಾಗದೆ. ನೀವು ಮಣ್ಣಿನ ಮನೆ ಕಟ್ಟಿದ್ರೆ ಜನ ನೋಡಕ್ಕೆ ಬತ್ತಾರೆ. ನಾವು ಕಟ್ಟಿದ್ರೆ, ಇವರ ಅಣೇಬರಾನೇ ಇಷ್ಟು ಅಂತಾರೆ.’

ಆರ್ಕಿಟೆಕ್ಟ್ ಅಕ್ಕನ ಕೈ ಹಿಡಿದುಕೊಂಡು ನೋಡಿದರು ಎಂದು ನನ್ನ ನೆನಪು. ಹಿಡಿಯಲಿಲ್ಲ, ನೋಡಿದರು ಅಷ್ಟೇ ಎನ್ನುತ್ತಾಳೆ ಅಕ್ಕ. ಅವಳ ಕೈ, ಅವಳಿಗೆ ಗೊತ್ತಿರಬೇಕು.

ತಾರಸಿ ಮನೆಯನ್ನೇ ಕಟ್ಟಿದೆವು, ನಮ್ಮ ಬೀದಿಯ ಮೊದಲನೆಯದು. ನಕ್ಷೆ ಅವರದೇ. ಸೂರನ್ನು ಎತ್ತರಿಸಿದರು, ಮೇಲೆ ಬಿಸಿಗಾಳಿ ಹೋಗಲು ಕಿಂಡಿ ಬಿಟ್ಟರು, ಪಶ್ಚಿಮಕ್ಕೆ ಒಂದು ಜಗಲಿ ಎಳೆದು ಗೋಡೆಗೆ ನೆರಳು ಕೊಟ್ಟರು. ಬೀದಿಯವರು ಮೆಚ್ಚಿದ್ದು ಸೂರನ್ನು ಮಾತ್ರ. ಮೋಲ್ಡ್ ಹಾಕುವ ದಿನ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ, ನಮ್ಮ ಕಡೆ ಕೆಲಸದವರಿಗೆಲ್ಲ ಮನೆಯವರು ಊಟ ಹಾಕಬೇಕು. ಅಕ್ಕ ಆಳುಗಳಿಗೆ ಬಾಡೂಟ ಮಾಡಿಸಿ, ಆರ್ಕಿಟೆಕ್ಟಿಗೆಂದು ಬೇರೆ ಒಲೆಯಲ್ಲಿ, ಹೊಸ ಪಾತ್ರೆಯಲ್ಲಿ ಅನ್ನ ಸಾರು ಪಾಯಸ ಮಾಡಿದ್ದಳು. ಅವರು ಬಂದಾರು, ಉಣ್ಣಲಾರರು ಎಂದು ಬೀದಿ ಲೆಕ್ಕ ಹಾಕಿತ್ತು. ಅವರು ಜಲ್ಲಿ ರಾಶಿಯ ಪಕ್ಕ ಎಲೆ ಹಾಕಿಸಿಕೊಂಡು ಕುಳಿತು ಉಂಡರು, ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಅವರ ಡ್ರೈವರ್ ಮಾತ್ರ ಕಾರಿನಿಂದ ಇಳಿಯಲಿಲ್ಲ. ಸೋಮವಾರ ಒಪ್ಪೊತ್ತು ಎಂದ. ಅವತ್ತು ಗುರುವಾರ. ಬುಧವಾರ ಎನ್ನುತ್ತಾಳೆ ಅಕ್ಕ. ಸೋಮವಾರವಂತೂ ಅಲ್ಲ.

ಆ ದಿನ ಹೊರಡುವಾಗ ಅವರು ನನ್ನೊಬ್ಬನಿಗೆ ಹೇಳಿದ ಮಾತನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ನಂಬಿದ್ದೇನೆ. ‘ನಿಮ್ಮಕ್ಕ ಹೇಳಿದ್ದು ಸರಿ. ನಾನು ಕಟ್ಟಿದ ಮಣ್ಣಿನ ಮನೇಲಿ ನಾನೇ ಒಂದು ವರ್ಷ ಇರಬೇಕು, ಮಳೆ ಬಿಸಿಲು ಚಳಿ ಎಲ್ಲ ನೋಡ್ಬೇಕು. ಅಲ್ಲೀವರೆಗೆ ಇನ್ನೊಬ್ಬರಿಗೆ ಹೇಳೋ ಯೋಗ್ಯತೆ ನನಗಿಲ್ಲ.’

ಅಲ್ಲಿಂದ ಮುಂದೆ ನಾನು ನಂಜನಗೂಡಿಗೆ ಹೋದಾಗಲೆಲ್ಲ ಈ ಒಂದು ವಿಷಯ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಮೊದಲು ಮನೆಯ ತಾರಸಿಯ ಮೇಲೆ ಒಂದು ಮಣ್ಣಿನ ಕೋಣೆ ಕಟ್ಟಿಕೊಳ್ಳುತ್ತೇನೆ ಎಂದರು. ಸಿಮೆಂಟ್ ವ್ಯಾಪಾರಿಯ ನೆತ್ತಿಯ ಮೇಲೇ ಮಣ್ಣಿನ ಗುಡಿಸಲು ಕಂಡರೆ ಬೀದಿಯವರು ಏನೆಂದಾರು ಎಂದು ಮಾವ ನಕ್ಕರಂತೆ. ಸುತ್ತೂರಿನ ರಸ್ತೆಯಲ್ಲಿ ಅವರದೊಂದು ಖಾಲಿ ಜಾಗವಿತ್ತು. ಅಲ್ಲಿ ಒಂದು ಮೂಲೆ ಕೊಡಿ ಎಂದರು. ಅದು ಟೈಲ್ಸ್ ಅಂಗಡಿಗೆ ಎಂದು ಗಂಡ ಮೊದಲೇ ತೀರ್ಮಾನಿಸಿದ್ದರು. ಗಂಡ ಸಹ ಒಳ್ಳೆಯ ಮನುಷ್ಯ. ಬೇಕಾದರೆ ನಿನ್ನ ಕೋಣೆಗೆ ಎ.ಸಿ. ಹಾಕಿಸುತ್ತೇನೆ, ಸೆಕೆಯ ತೊಂದರೆಯೇ ಇರುವುದಿಲ್ಲ ಎಂದರಂತೆ. ಹಾಕಿಸಿಯೂ ಬಿಟ್ಟರು. ಕಿಟಕಿಗಳಿಗೆ ತೆಗೆಯಲಾರದ ಗಾಜು ಬಂತು. ನಮ್ಮ ಮನೆ ಮೀಟರ್ ಓಡೋದು ನನಗೆ ನಿದ್ದೇಲಿ ಕೇಳಿಸುತ್ತೆ ಎಂದಿದ್ದರು ಒಮ್ಮೆ.

ಎರಡು ಸಾವಿರದ ನಂತರ ಬೈಪಾಸಿನ ಆಚೆ ಈಚೆ ಬಡಾವಣೆಗಳೆದ್ದವು. ಮೂಟೆಗಳು ಲಾರಿಗಟ್ಟಲೆ ಬರತೊಡಗಿದವು. ಆ ಸಮಯದಲ್ಲಿ ಮಾವ ತಾವಾಗಿಯೇ ಕರೆದು, ಊರ ಹೊರಗಿನ ಗೋಡೌನಿನ ಹಿಂದೆ ಜಾಗವಿದೆ, ರಸ್ತೆಗೆ ಕಾಣುವುದಿಲ್ಲ, ಅಲ್ಲಿ ನಿನ್ನ ಕೋಣೆ ಕಟ್ಟಿಕೋ ಎಂದರು. ಅವರು ಕಟ್ಟಿಕೊಂಡರು. ತಾವೇ ಆರಿಸಿದ ಮಣ್ಣು, ತಾವೇ ನಿಂತು ಒತ್ತಿಸಿದ ಇಟ್ಟಿಗೆ. ಮುಗಿದ ಮೇಲೆ ಬಂದು ನೋಡಿ ಎಂದು ಕಾಲೇಜಿಗೆ ಫೋನ್ ಮಾಡಿದ್ದರು. ನನಗೆ ಹೋಗಲು ಆದದ್ದು ಬಹಳ ತಡವಾಗಿ.

ಅಕ್ಕನೂ ಬಂದಿದ್ದಳು. ಬಚ್ಚಲುಮನೆಗೆ ಸಿಮೆಂಟ್ ಬೇಕಿತ್ತು, ಅದನ್ನು ಅವರ ಅಂಗಡಿಯಲ್ಲೇ ತರಬೇಕೆಂದು ಅವಳ ಹಟ. ಗೋಡೌನ್ ದಾಟಿ ಹಿಂದಕ್ಕೆ ಹೋದರೆ ಚೆಂದದ ಕೋಣೆ, ಕೆಂಪು ಗೋಡೆ, ಹೆಂಚಿನ ಸೂರು, ಇಟ್ಟಿಗೆಯಲ್ಲೇ ಜಾಲರಿ ಬಿಟ್ಟ ಕಿಂಡಿಗಳು. ಆದರೆ ಕಿಂಡಿಗಳ ಆಚೆ ಆಕಾಶವಿರಲಿಲ್ಲ. ಗೋಡೌನಿನ ತಗಡಿನ ಶೆಡ್ಡನ್ನು ಉದ್ದಕ್ಕೆ ಎಳೆದು ಕೋಣೆಯ ಪಶ್ಚಿಮಕ್ಕೂ ದಕ್ಷಿಣಕ್ಕೂ ಮುಚ್ಚಿದ್ದರು. ಅದರ ಕೆಳಗೆ ಸೂರಿನ ಮಟ್ಟಕ್ಕೆ ಮೂಟೆ ಪೇರಿಸಿದ್ದರು. ಕೋಣೆಯೊಳಗೆ ತಗಡಿನ ಕಾವು ನಿಂತಿತ್ತು, ಗಾಳಿ ಅಲುಗುತ್ತಿರಲಿಲ್ಲ.

ಕಟ್ಟುವಾಗ ಆ ಕಡೆಯೆಲ್ಲ ಖಾಲಿ ಇತ್ತು ಎಂದರು ಅವರು. ವ್ಯಾಪಾರ ಹೆಚ್ಚಾಯಿತು, ಮಳೆಗೆ ಮೂಟೆ ನೆನೆಯಬಾರದಲ್ಲ ಎಂದರು. ಮನೆಯವರ ಪರವಾಗಿ ಅವರೇ ವಾದಿಸುತ್ತಿದ್ದ ಹಾಗೆ ಕೇಳಿಸಿತು. ಇಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ, ಮಧ್ಯಾಹ್ನ ಊಟದ ನಂತರ ಬಂದು ಕುಳಿತು ಹೋಗುತ್ತಿದ್ದರು, ಅಷ್ಟೇ.

ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಹೇಗಿದೆ ಎಂದು ಕೇಳಿದರು. ನನ್ನ ಕಡೆ ನೋಡಲಿಲ್ಲ, ಅಕ್ಕನನ್ನೇ ಕೇಳಿದರು.

‘ಸೆಕೆ ಮೇಡಂ’ ಎಂದಳು ಅಕ್ಕ. ಸ್ವಲ್ಪ ಹೊತ್ತು ಸುತ್ತ ನೋಡಿ, ‘ಮನೆ ತೆಪ್ಪಿಲ್ಲ. ಇದ ಎತ್ಕೊಂಡೋಗಿ ಬಯಲಾಗೆ ಇಟ್ರೆ ಬೋ ಚೆಂದಾಗಿರದು’ ಎಂದಳು. ಆಮೇಲೆ, ಬಚ್ಚಲಿಗೆ ಎಷ್ಟು ಮೂಟೆ ಬೇಕೆಂದು ಹೇಳುವಷ್ಟೇ ಸಲೀಸಾಗಿ, ‘ನಮ್ಮಿತ್ತಲಲ್ಲಿ ಜಾಗ ಅದೆ. ಬೇವಿನ ಮರ ಅದೆ. ಅಲ್ಲಿ ಕಟ್ಕಳಿ. ಒಂದ್ವರ್ಸ ಅಲ್ಲ, ಎಷ್ಟು ವರ್ಸ ಬೇಕಾದ್ರೂ ಇರಿ. ಯಾರೂ ನಿಮ್ಮನ್ನ ಏನೂ ಕೇಳಕ್ಕಿಲ್ಲ’ ಎಂದಳು.

ಒಂದು ವರ್ಷದ ಮಾತನ್ನು ಅಕ್ಕನಿಗೆ ನಾನೇ ಹೇಳಿದ್ದೆ, ಆದರೆ ಹಿತ್ತಲಿನ ವಿಚಾರವನ್ನು ಅವಳು ನನ್ನೊಂದಿಗೆ ಮೊದಲೇ ಮಾತಾಡಿರಲಿಲ್ಲ. ಆರ್ಕಿಟೆಕ್ಟ್ ಮೊದಲು ನಕ್ಕರು. ಆಮೇಲೆ ಹಿತ್ತಲು ಎಷ್ಟು ಅಗಲ ಎಂದು ಕೇಳಿದರು. ಬೇವು ಮನೆಯ ಯಾವ ಕಡೆಗಿದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಬೆಳಗಿನ ಬಿಸಿಲು ಎಲ್ಲಿಗೆ ಬೀಳುತ್ತದೆ ಎಂದು ಕೇಳಿದರು. ಅಕ್ಕ ಕೂತಲ್ಲೇ ಕೈಯಾಡಿಸಿ ಹಿತ್ತಲನ್ನು ತೋರಿಸಿದಳು. ಇವರು ಪೆನ್ಸಿಲ್ ತೆಗೆದು, ಕಾಗದ ಹುಡುಕುವ ವ್ಯವಧಾನವಿಲ್ಲದೆ, ನೆಲದ ಕಾವಿಯ ಮೇಲೇ ಗೆರೆ ಎಳೆಯತೊಡಗಿದರು. ಒಲೆ ಇಲ್ಲಿ, ಮಲಗುವುದು ಇಲ್ಲಿ, ಗಾಳಿ ಹೊಲದ ಕಡೆಯಿಂದ. ಇಬ್ಬರು ಹೆಂಗಸರು ನೆಲದ ಮೇಲೆ ಬಗ್ಗಿ ಇಲ್ಲದ ಮನೆಯೊಂದರಲ್ಲಿ ಓಡಾಡುತ್ತಿದ್ದರು. ಅವರನ್ನು ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ನೋಡಿಲ್ಲ.

ಅಷ್ಟರಲ್ಲಿ ಡ್ರೈವರ್ ಬಂದು ಬಾಗಿಲಾಚೆ ನಿಂತು, ಅಮ್ಮಾ, ಮನೇಲಿ ಕಾಯ್ತಾವ್ರೆ ಎಂದ. ಅಕ್ಕನನ್ನು ನೋಡಿದ, ನೆಲವನ್ನು ನೋಡಿದ. ಅವರು ಪೆನ್ಸಿಲ್ ಕೆಳಗಿಟ್ಟರು. ಸೀರೆ ಕೊಡವಿಕೊಂಡು ಎದ್ದರು. ಹಿರಿಯರಿಂದ ಕಿರಿಯರವರೆಗೆ ತಾಲ್ಲೂಕಿನ ಅರ್ಧ ಜನರಿಗೆ ಮನೆ ಎಲ್ಲಿ ಕಟ್ಟಬೇಕೆಂದು ಹೇಳಿದವರು ಅವರು.

‘ಮನೇಲಿ ಕೇಳಿ ಹೇಳ್ತೀನಿ ಕಣಮ್ಮ’ ಎಂದರು.

ಅಕ್ಕ ಆ ಜಾಗವನ್ನು ಹಾಗೇ ಬಿಟ್ಟುಕೊಂಡಿದ್ದಳು. ಎಮ್ಮೆಗೆ ಕೊಟ್ಟಿಗೆ ಹಾಕಿಸೋಣವೆಂದರೆ ಆಮೇಲೆ ಎನ್ನುತ್ತಿದ್ದಳು. ನಾನು ನಂಜನಗೂಡಿನ ಕಡೆ ಹೋಗಿ ಬಂದಾಗ ಏನಾದರೂ ಹೇಳಿದರಾ ಎಂದು ಕೇಳುತ್ತಿದ್ದಳು, ಕೆಲವು ಕಾಲದ ನಂತರ ಕೇಳುವುದನ್ನು ಬಿಟ್ಟಳು. ಅವರ ಆಫೀಸಿನಲ್ಲಿ ನಾನೂ ಆ ಮಾತು ತೆಗೆಯಲಿಲ್ಲ. ಅವರೂ ತೆಗೆಯಲಿಲ್ಲ. ಬೇರೆ ಮಾತುಗಳು ಬೇಕಾದಷ್ಟಿದ್ದವು. ಒಂದು ಬೇಸಿಗೆಯಲ್ಲಿ ಎಮ್ಮೆಗೆ ನೆರಳು ಬೇಕೇ ಬೇಕಾಯಿತು. ಬೇವಿನ ಪಕ್ಕ ಶೀಟಿನ ಕೊಟ್ಟಿಗೆ ಬಂತು.

ಸಾವಿನ ಮನೆಗೆ ನಾನೊಬ್ಬನೇ ಹೋಗಿದ್ದೆ. ಅಮೃತಶಿಲೆಯ ಹಾಲಿನಲ್ಲಿ, ಅವರ ಪದ್ಧತಿಯಂತೆ, ಹೂವಿನ ನಡುವೆ ಕೂರಿಸಿದ್ದರು. ತುಂಬ ಜನ. ಯಾರೋ ಎ.ಸಿ. ಜೋರು ಮಾಡಿಸಿದರು. ಮಾವನವರು ತೀರಾ ಮುದುಕರಾಗಿದ್ದರು. ನನ್ನ ಕೈ ಹಿಡಿದು ಅತ್ತರು. ‘ಮಗಳಿಗಿಂತ ಹೆಚ್ಚು ಮೇಷ್ಟ್ರೇ. ಇಷ್ಟು ವರ್ಷದಲ್ಲಿ ಇದು ಬೇಕು ಅಂತ ಬಾಯಿಬಿಟ್ಟು ಕೇಳಿದವಳಲ್ಲ’ ಎಂದರು. ತಾರಸಿಯ ಕೋಣೆ, ಸುತ್ತೂರು ರಸ್ತೆಯ ಮೂಲೆ ನನಗೆ ನೆನಪಾದವು. ಮುದುಕರು ಮರೆತಿರಬಹುದು. ಅಥವಾ ಅವರು ಕೇಳಿದ ರೀತಿ ಇವರಿಗೆ ಕೇಳಿದ ಹಾಗೆ ಅನ್ನಿಸಿರಲಿಕ್ಕಿಲ್ಲ. ಅಥವಾ ಕೇಳಿದೆ ಎಂದು ನನಗೆ ಹೇಳಿದ್ದು ಮಾತ್ರವೇ ಇರಬಹುದು. ಇನ್ನು ತಿಳಿಯುವ ದಾರಿಯಿಲ್ಲ.

ಊರಿಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಜಗಲಿಯ ಮೇಲೆ ಕುಳಿತು ಅಂಗನವಾಡಿಯ ಅಕ್ಕಿ ಆರಿಸುತ್ತಿದ್ದಳು. ಯಾರು ಯಾರು ಬಂದಿದ್ದರು, ಮಕ್ಕಳು ಅತ್ತರಾ ಎಂದೆಲ್ಲ ಕೇಳಿದಳು. ಮೊರದಿಂದ ಕಣ್ಣೆತ್ತದೆ, ನಮ್ಮ ಹಿತ್ತಲ ವಿಚಾರ ಅವರು ಮನೆಯಲ್ಲಿ ಕೇಳಿದ್ದರಂತಾ ಎಂದಳು. ಮುದುಕರ ಮಾತನ್ನು ನಾನು ಹೇಳಲಿಲ್ಲ. ಕೇಳಿದ್ದರಂತೆ, ಮನೆಯವರು ಒಪ್ಪಲಿಲ್ಲವಂತೆ ಎಂದೆ.

ಅಕ್ಕ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

‘ಕೇಳಿರಕ್ಕಿಲ್ಲ ಬುಡು’ ಎಂದಳು. ‘ಕೇಳಿದ್ರೆ, ಇಲ್ಲ ಅಂದ್ರು ಅಂತ ಯೋಳಕ್ಕಾದ್ರೂ ಬಂದೋಗೋರು.’